ಕಾಕಾ ಹಿಡಿದ ನಾಡಿ

ನಮ್ಮ ಓಣಿಯ ಕಾಕಾ ಓಟ ಶುರು ಮಾಡಿದ ಮೇಲೆ ನಮಸ್ಕಾರ ಹೇಳುವುದನ್ನೇ ಬಿಟ್ಟಿದ್ದಾರೆ. ಎದುರಾದ ಕೂಡಲೇ ವಾಚ್ ಮುಂದೆ ಹಿಡಿಯುತ್ತಾರೆ. "ನಲವತ್ತೆಂಟು ಐತಿ ನೋಡ್ರಿ!" ಅದು ಸುಮ್ನೆ ಕೂತಾಗ ಅವರ ಎದೆಬಡಿತ. ನಮ್ಮಂಥವರದ್ದು ನಿಮಿಷಕ್ಕೆ 60ರಿಂದ 100ರೊಳಗೆ ಇರುತ್ತದೆ.

ನಿನ್ನೆ ಕೆಲಗೇರಿ ಕೆರೆ ಸುತ್ತಿ ಬರುವಾಗ ಚಹಾದಂಗಡಿಯಲ್ಲಿ ಸಿಕ್ಕಿಬಿದ್ದೆ. ಕಪ್ಪು ಹಿಡಿದಿದ್ದ ಕೈಯನ್ನೇ ಎಳೆದುಕೊಂಡರು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ವಾಚ್ ನೋಡುತ್ತಾ ಗಟ್ಟಿಯಾಗಿ ಎಣಿಸತೊಡಗಿದರು. "ಹತ್ತು, ಹನ್ನೊಂದು..." ಅಷ್ಟರಲ್ಲಿ ಅಂಗಡಿಯವನು ಯಾರಿಗೋ "ಇಪ್ಪತ್ತು ರೂಪಾಯಿ ಕೊಡ್ರಿ" ಎಂದ. ಕಾಕಾ ಅಲ್ಲಿಂದಲೇ ಮುಂದುವರಿಸಿದರು. "ಇಪ್ಪತ್ತೊಂದು, ಇಪ್ಪತ್ತೆರಡು..." 15 ಸೆಕೆಂಡಿಗೆ 28. ನಾಲ್ಕರಿಂದ ಗುಣಿಸಿ, "ನೂರಾ ಹನ್ನೆರಡು! ಚಾ ಕುಡಿಯಾಕತ್ತೀರೋ, ಗುಡ್ಡಾ ಹತ್ತಾಕತ್ತೀರೋ?" ಎಂದು ಕೂಗಿದರು. ಅದರಲ್ಲಿ 36 ಬಡಿತ ಅಂಗಡಿಯವನದ್ದು ಅಂದರೆ ಯಾರು ಕೇಳಬೇಕು? ಒಬ್ಬರು ಎದ್ದು ನನಗೆ ಬೆಂಚು ಬಿಟ್ಟುಕೊಟ್ಟರು. ಮಿರ್ಚಿ ತಟ್ಟೆಯನ್ನು ನನ್ನ ಮುಂದಿನಿಂದ ಇನ್ನೊಬ್ಬರು ಮೆಲ್ಲಗೆ ಸರಿಸಿದರು.

ಕಾಕಾ ಕೊಚ್ಚಿಕೊಳ್ಳುವುದರಲ್ಲಿ ಸುಳ್ಳಿಲ್ಲ. ಸಿಟ್ಟು ಬರುವುದೇ ಅದಕ್ಕೆ. ಬಹಳ ಕಾಲ ದೂರ ಓಡುವವರ ಹೃದಯದ ಎಡಕೋಣೆ ಹಿಗ್ಗುತ್ತದೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ದಬ್ಬುತ್ತದೆ. ಹಾಗಾಗಿ ಕಡಿಮೆ ಸಲ ಬಡಿದರೂ ಸಾಕು. 1899ರಲ್ಲೇ ಸ್ವೀಡನ್ನಿನ ವೈದ್ಯ ಹೆನ್ಶೆನ್ ಸ್ಕೀ ಓಟಗಾರರ ಎದೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಹೃದಯ ದೊಡ್ಡದಾಗಿದೆ ಎಂದು ಗುರುತಿಸಿದ್ದ. ಇದನ್ನು ಮಾತ್ರ ಕಾಕಾಗೆ ಹೇಳಿಲ್ಲ. ಆಮೇಲೆ ನನ್ನ ಎದೆ ತಟ್ಟುತ್ತಾ ಕೂತರೆ? ಕೂತಾಗ ಅವರ ಹೃದಯವೂ ನನ್ನದೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನೇ ದಬ್ಬುವುದು ಎಂದು ಹೇಳಿ ನೋಡಿದೆ. "ಓಡಿ ತೋರಸ್ರಿ ಹಂಗಾದ್ರ" ಎಂದರು. ಓಡುವಾಗ ಫರಕು ಕಾಣುತ್ತದೆ, ನಿಜ. ಆದರೆ ಚಹಾ ಕುಡಿಯುವವನನ್ನು ಯಾಕೆ ಓಡಿಸಬೇಕು?

ನಮ್ಮಪ್ಪ ಧಾರವಾಡದಿಂದ ಹುಬ್ಬಳ್ಳಿಯ ಮಿಲ್ಲಿಗೆ ಸೈಕಲ್ ಹೊಡೆಯುತ್ತಿದ್ದರು. ಹೋಗಿ ಬಂದರೆ 40 ಕಿಲೋಮೀಟರ್ ಹತ್ತಿರ. ಬರುವಾಗ ಹ್ಯಾಂಡಲ್‌ಗೆ ನವಲೂರಿನ ಪೇರಲ ಹಣ್ಣಿನ ಚೀಲ. ರಾತ್ರಿ ಅವರ ಎದೆ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಎಣಿಸಬೇಕು ಅಂತ ಆಗ ಹೊಳೆದಿರಲಿಲ್ಲ.

ಇರಲಿ, ನಾನೀಗ ಮಳೆಗಾಲಕ್ಕೆ ಕಾಯುತ್ತಿದ್ದೇನೆ. ಕೆಲವು ವಾರ ಓಟ ನಿಂತರೆ ಗಳಿಸಿದ್ದು ಇಳಿಯತೊಡಗುತ್ತದೆ, ಬಡಿತ ಮತ್ತೆ ಏರುತ್ತದೆ. ಹೋದ ಮಳೆಗಾಲದಲ್ಲಿ ಕಾಕಾರದ್ದು 60 ದಾಟಿತ್ತು. ಅವರು ನೆಟ್ಟಗೆ ವಾಚ್ ಅಂಗಡಿಗೆ ಹೋಗಿ, "ಇದು ಕೆಟ್ಟೈತಿ, ಬದಲಿ ಕೊಡ್ರಿ" ಎಂದು ಜಗಳ ತೆಗೆದಿದ್ದರು.