ಹಳೇ ಸಿನಿಮಾ, ಸೀರಿಯಲ್ಲು ಮನೇಲಿ ಕೂತು ಮತ್ತೆ ನೋಡ್ಬೇಕಾ, ಬೇಡ್ವಾ?

ಪರ: ನೋಡ್ಬೇಕು, ಅದೂ ತಲೆ ನರೆತ ಮೇಲೇನೇ ನೋಡ್ಬೇಕು (ಅಕ್ಕ, ಮೈಸೂರು)

ಹಳೇ ಸಿನಿಮಾ ಮತ್ತೆ ಮತ್ತೆ ನೋಡೋದು ಕೆಲಸ ಇಲ್ದೋರ ಕಾಲಹರಣ ಅಂತ ನನ್ನ ತಮ್ಮ ಮಂಡ್ಯದಿಂದ ಫೋನ್ ಮಾಡಿದಾಗೆಲ್ಲ ಹಂಗಿಸ್ತಾನೆ. ಹಂಗಿಸ್ಲಿ ಬಿಡಿ. ಆದ್ರೆ ನಾವು ಸಣ್ಣೋರಿದ್ದಾಗ ನೋಡಿದ್ದು ಸಿನಿಮಾನಾ? ಹಾಡು ನೋಡಿದ್ವಿ, ಫೈಟ್ ನೋಡಿದ್ವಿ, ಮಧ್ಯೆ ದೊಡ್ಡೋರು ಮಾತಾಡ್ತಿದ್ರೆ ಎದ್ದು ನೀರು ಕುಡಿಯೋಕೆ ಹೋಗ್ತಿದ್ವಿ, ಕಥೆ ಇದ್ದಿದ್ದೇ ಆ ಮಾತಲ್ಲಿ.

ನಾಗರಹಾವು ತಗೊಳ್ಳಿ. 1972ರದ್ದು, ನಮ್ಮ ಪಿರಿಯಾಪಟ್ಟಣ ಕಡೆಯ ಕಣಗಾಲಿನ ಪುಟ್ಟಣ್ಣ ತೆಗ್ದಿದ್ದು. ಆಗ ನಮಗೆ ಅದು ಅಂದ್ರೆ ಓಬವ್ವನ ಒನಕೆ, ದುರ್ಗದ ಬಂಡೆ, ವಿಷ್ಣುವರ್ಧನ್ ಸಿಟ್ಟು, ಆಮೇಲೆ ಆ ಸ್ಲೋ ಮೋಷನ್ ಹಾಡು, ಅಷ್ಟೇ. ಚಾಮಯ್ಯ ಮೇಷ್ಟ್ರು ಅಂದ್ರೆ ದೇವ್ರು. ಈಗ ನೋಡಿದ್ರೆ ಬೇರೇನೇ ಕಾಣ್ಸತ್ತೆ ರೀ. ಪ್ರೀತಿಸಿದ ಅಲಮೇಲುನ ಬಿಟ್ಬಿಡು ಅಂತ ಶಿಷ್ಯ ರಾಮಾಚಾರಿ ಹತ್ರ ಮಾತು ತಗೊಳ್ಳೋರು ಇದೇ ಮೇಷ್ಟ್ರು, ಜಾತಿ ನೋಡಿ ಮಾಡಿದ ಆ ಮದುವೆ ಹುಡುಗೀನ ಎಲ್ಲಿಗೆ ತಂದು ನಿಲ್ಲಿಸ್ತು ಅನ್ನೋದನ್ನ ಪುಟ್ಟಣ್ಣ ಮುಚ್ಚಿಡೋದೇ ಇಲ್ಲ, ಅವಳ ಬಾಯಲ್ಲೇ ಹೇಳಿಸ್ತಾರೆ. ಅಷ್ಟಾದ್ಮೇಲೂ ಕ್ರಿಶ್ಚಿಯನ್ ಹುಡುಗಿ ಮಾರ್ಗರೆಟ್ ವಿಷಯ ಬಂದಾಗ ಮೇಷ್ಟ್ರು ಮತ್ತೆ ಅಡ್ಡ ನಿಲ್ತಾರೆ, ಕೊನೆಗೆ ಗುರೂನೂ ಉಳಿಯಲ್ಲ ಶಿಷ್ಯನೂ ಉಳಿಯಲ್ಲ. ಇದು ಹಾವಿನಂಥ ಹುಡುಗನ ಕಥೆ ಅಂತ ಎಲ್ರೂ ಅಂತಾರೆ, ನನಗೀಗ ಇದು ಪ್ರೀತಿ ಮಾಡ್ತಾನೇ ಮಕ್ಕಳ ಬಾಳು ಹಾಳು ಮಾಡೋ ಒಳ್ಳೆ ದೊಡ್ಡೋರ ಕಥೆ. ಅಶ್ವಥ್ ಅವರು ಮೈಸೂರಲ್ಲೇ ಇದ್ದೋರು, ಮೇಷ್ಟ್ರನ್ನ ಎಲ್ಲೂ ಕೆಟ್ಟೋರು ಅನ್ನಿಸದ ಹಾಗೆ ಮಾಡಿದಾರೆ, ಅದಕ್ಕೇ ಜಾಸ್ತಿ ಹೊಟ್ಟೆ ಉರಿಯತ್ತೆ. (ಕಾದಂಬರಿ ಬರೆದ ತ.ರಾ.ಸು. ಅವರಿಗೇ ಸಿನಿಮಾ ಹಿಡಿಸ್ಲಿಲ್ಲ ಅಂತಾರೆ, ಮೂರು ಕಾದಂಬರೀನ ಒಂದು ಸಿನಿಮಾಗೆ ತುಂಬಿದ್ರೆ ಯಾರಿಗೆ ತಾನೇ ಹಿಡಿಸತ್ತೆ, ಅದು ಬೇರೆ ಜಗಳ.)

ಇನ್ನು ಶರಪಂಜರ. ಕಾದಂಬರಿ ಬರೆದ ತ್ರಿವೇಣಿಯವರು ಮೈಸೂರಲ್ಲಿ ಬಾಳಿದೋರು, 1963ರಲ್ಲೇ ತೀರ್ಕೊಂಡ್ರು, 1971ರಲ್ಲಿ ಬಂದ ಸಿನಿಮಾ ನೋಡೋಕೆ ಅವರು ಇರ್ಲಿಲ್ಲ. ಬಾಣಂತನದಲ್ಲಿ ಮನಸ್ಸು ಕೆಡೋದು ಅಂದ್ರೆ ಏನು ಅಂತ ಈಗಿನ ಡಾಕ್ಟ್ರುಗಳು ಪಟಪಟ ಹೇಳ್ತಾರೆ, ಆ ಕಾಲದಲ್ಲಿ ಒಬ್ಬ ಹೆಂಗಸು ಅದನ್ನೇ ಇಟ್ಕೊಂಡು ಕಾದಂಬರಿ ಬರೆದ್ರಲ್ಲ. ನಾನು ಈ ಸಲ ನೋಡ್ವಾಗ ಕಲ್ಪನಾ ಅಳೋ ಸೀನಿಗಿಂತ ಅವಳು ವಾಸಿಯಾಗಿ ಮನೆಗೆ ಬಂದ ಮೇಲಿನ ಸೀನುಗಳಲ್ಲೇ ನಿಲ್ಲಿಸಿ ನಿಲ್ಲಿಸಿ ನೋಡ್ದೆ. ನಕ್ರೂ ಅನುಮಾನ, ಸುಮ್ನಿದ್ರೂ ಅನುಮಾನ, ಎಲ್ರ ಕಣ್ಣೂ ಅವಳ ಮೇಲೇ. ಕಾಯಿಲೆ ಅವಳನ್ನ ಬಿಟ್ಟಿತ್ತು, ಜನ ಬಿಡ್ಲಿಲ್ಲ. ಗಂಡ ಏನ್ ಮಾಡ್ದ ಅನ್ನೋದು ಗೊತ್ತಾಗೋ ಹೊತ್ತಿಗೆ ಅರ್ಧ ಕೆಲಸ ಅಕ್ಕಪಕ್ಕದೋರೇ ಮುಗ್ಸಿರ್ತಾರೆ. ನಮ್ಮ ಕುವೆಂಪುನಗರದಲ್ಲಿ ಈಗ್ಲೂ ಯಾರಾದ್ರೂ ಆ ಥರ ಆಸ್ಪತ್ರೆಗೆ ಹೋಗಿ ಬಂದ್ರೆ ಕಾಂಪೌಂಡ್ ಹತ್ರ ನಿಂತು ಆಡೋ ಮಾತು ಅದೇ ತಾನೆ? ಥಿಯೇಟ್ರಲ್ಲಿ ಇದನ್ನ ನಿಲ್ಲಿಸಿ ಮಾತಾಡೋಕಾಗಲ್ಲ, ಮನೇಲಿ ಆಗತ್ತೆ. ನಾವು ಅತ್ತೆ ಸೊಸೆ ಇಬ್ರೂ ಪಾಜ್ ಒತ್ತಿ ಮಾತಾಡಿದೀವಿ, ಯಾವತ್ತೂ ಆಡದ ಮಾತು ಆಡಿದೀವಿ.

ಸೀರಿಯಲ್ ಅಂದ್ರೆ ಮಾಲ್ಗುಡಿ ಡೇಸ್ ಒಂದನ್ನ ಹೇಳಿ ಮುಗಿಸ್ತೀನಿ. ಆರ್.ಕೆ. ನಾರಾಯಣ್ ನಮ್ಮ ಮೈಸೂರಲ್ಲಿದ್ದು ಬರೆದ್ರು, ಶಂಕರ್‌ನಾಗ್ ಹೋಗಿ ಆಗುಂಬೇಲಿ ತೆಗೆದ್ರು, ದೂರದರ್ಶನಕ್ಕೆ ಹಿಂದೀಲಿ ಬಂತು, ಆದ್ರೂ ನೋಡಿದ್ರೆ ನಮ್ಮ ಮನೆ ಜಗುಲಿ ಥರಾನೇ ಇದೆ. ಸ್ವಾಮಿ ಅಪ್ಪನ ಪಾರ್ಟಲ್ಲಿ ಗಿರೀಶ್ ಕಾರ್ನಾಡ್ ಒಂದು ಮಾತೂ ಜೋರಾಗಿ ಆಡದೆ ಹುಡುಗನ್ನ ನಡುಗಿಸ್ತಾರೆ. ಈಗಿನ ಸೀರಿಯಲ್ಲಲ್ಲಿ ಸೊಸೆ ಕಾಫಿ ಲೋಟ ಇಟ್ರೂ ಮೂರು ಸಲ ಡಂಡಂ ಅಂತ ಬಡೀತಾರೆ. ನನ್ನ ಮೊಮ್ಮಗ ಮೊಬೈಲ್ ಕೆಳಗಿಟ್ಟು ನೋಡಿದ್ದು ಸ್ವಾಮೀನ ಮಾತ್ರ, ಮಿಕ್ಕಿದ್ದು ಅವನಿಗೆ ಬೋರು, ಅದನ್ನೂ ಹೇಳ್ಬಿಡ್ತೀನಿ.

ಮನೇಲಿ ಬೇಡ ಅಂದ್ರೆ ಇನ್ನೆಲ್ಲಿ ನೋಡೋದು ಹೇಳಿ. ನಮ್ಮ ಮೈಸೂರಿನ ಶಾಂತಲಾ ಥಿಯೇಟ್ರು 2020ರಲ್ಲಿ ಮುಚ್ತು, ಮಾರನೇ ವರ್ಷ ಸರಸ್ವತಿ ಮುಚ್ತು.

ವಿರೋಧ: ಬುಡಕ್ಕೋ, ನೆನಪಲ್ಲೇ ಚೆನ್ನಾಗಿದೆ (ತಮ್ಮ, ಮಂಡ್ಯ)

ಅಕ್ಕ ಬರೆದಿದ್ದು ಓದ್ದೆ. ನೀನು ಆರಿಸ್ಕೊಂಡಿದ್ದು ಮೂರೂ ಮುತ್ತು, ಅದಕ್ಕೆ ಯಾರು ಇಲ್ಲ ಅಂತಾರೆ. ಆದ್ರೆ ನಾವು ಭಾನುವಾರ ಸಂಜೆ ಟಿವಿ ಮುಂದೆ ಬಿದ್ಕೊಂಡು ನೋಡಿದ್ದು ಆ ಮೂರನ್ನೇ ಅಲ್ವಲ್ಲ.

ಮೊದಲು ಪ್ರಿಂಟ್ ಮಾತಾಡಾನ. ಯೂಟ್ಯೂಬಲ್ಲಿ ಹಾಕಿರೋ ಹಳೇ ಸಿನಿಮಾ ಎಷ್ಟೋ ನೋಡಕ್ಕಾಗಲ್ಲ, ಈಗಿನ ಅಗಲ ಟಿವಿಗೆ ಸರಿಹೋಗ್ಲಿ ಅಂತ ಮೇಲೆ ಕೆಳಗೆ ಕತ್ತರಿಸಿ ಹೀರೋಗೆ ಹಣೆ ಇರಲ್ಲ, ಹೀರೋಯಿನ್‌ಗೆ ಗದ್ದ ಇರಲ್ಲ, ಇಲ್ಲಾಂದ್ರೆ ಎಳೆದು ಎಳೆದು ಎಲ್ರೂ ದಪ್ಪ, ಮೂಲೇಲಿ ಕಂಪನಿ ಹೆಸರು ಮಿಣಮಿಣ. ಹಾಡೇ ಹಾರ್ಸಿರ್ತಾರೆ ಕೆಲವು ಸಲ. ಬಣ್ಣ ಹಚ್ಚೋ ಕಥೆ ಇನ್ನೊಂದು. ಸತ್ಯ ಹರಿಶ್ಚಂದ್ರ 1965ರದ್ದಕ್ಕೆ 2008ರಲ್ಲಿ ಹಚ್ಚಿದ್ರು, ಕಸ್ತೂರಿ ನಿವಾಸಕ್ಕೆ 2014ರಲ್ಲಿ. ಜನ ಮುಗಿಬಿದ್ದು ನೋಡಿದ್ರು, ಅದೂ ನಿಜಾನೇ. ಆದ್ರೆ ಕಪ್ಪು ಬಿಳುಪಿಗೆ ಅಂತಾನೇ ಲೆಕ್ಕ ಹಾಕಿ ಲೈಟ್ ಹೊಡೆದಿರ್ತಾರೆ, ನೆರಳೇ ಅರ್ಧ ಮಾತಾಡ್ತಿರುತ್ತೆ, ಅದರ ಮೇಲೆ ಬಣ್ಣ ಬಳಿದ್ರೆ ನನ್ನ ಕಣ್ಣಿಗಂತೂ ಕ್ಯಾಲೆಂಡರ್ ಚಿತ್ರ.

ಎರಡನೇದು ಮುಖ್ಯ. ನಮ್ಮೂರ ಕಡೆ ಅಂಬರೀಷ್ ಸಿನಿಮಾ ಅಂದ್ರೆ ಏನು ಅಂತ ನಿನಗೂ ಗೊತ್ತು, ದೊಡ್ಡರಸಿನಕೆರೆ ಮನುಷ್ಯ, ಪರದೆ ಮೇಲೆ ಕಾಲು ಕಂಡ್ರೆ ಸಾಕು ಶಿಳ್ಳೆ. 1981ರ ‘ಅಂತ’ ಸಿನಿಮಾನ ಮೊನ್ನೆ ಮನೇಲಿ ಹಾಕ್ದೆ. ಮಗಳ ಪರೀಕ್ಷೆ ಅಂತ ಸೌಂಡ್ ಕಮ್ಮಿ ಇಟ್ಟು ನೋಡ್ತಿದ್ರೆ ಆಗ ಹೊಳೀತು, ಆ ಕಾಲದ ಸಿನಿಮಾದಲ್ಲಿ ಹೀರೋ ಬಂದ ಮೇಲೆ, ದೊಡ್ಡ ಡೈಲಾಗ್ ಆದ ಮೇಲೆ, ವಸಿ ಹೊತ್ತು ಖಾಲಿ ಬಿಟ್ಟಿರ್ತಾರೆ, ಮ್ಯೂಸಿಕ್ ಅಷ್ಟೇ ಇರುತ್ತೆ, ಯಾರೂ ಮಾತಾಡಲ್ಲ. ಆ ಜಾಗ ನಮ್ದು. ಶಿಳ್ಳೆಗೆ, ಪೇಪರ್ ತೂರೋಕೆ ಬಿಟ್ಟಿರೋ ಜಾಗ ಅದು. ಮನೇಲಿ ಅಷ್ಟು ಹೊತ್ತೂ ಫ್ಯಾನ್ ಸದ್ದು ಕೇಳ್ಕೊಂಡು ಕೂತಿದ್ದೆ. ಸಿನಿಮಾ ಸ್ಲೋ ಸ್ಲೋ ಅಂತ ಈಗಿನ ಹುಡುಗ್ರು ಬಯ್ಯೋದು ಅದಕ್ಕೇ, ಜನಾನ ಕಿತ್ತಾಕಿ ಸಿನಿಮಾ ಮಾತ್ರ ತೋರಿಸ್ತಾ ಇದ್ದೀವಿ ನಾವು. ಭಯದ ಸಿನಿಮಾಗೂ ಇದೇ ಗತಿ. 1979ರ ನಾ ನಿನ್ನ ಬಿಡಲಾರೆ ನೋಡಿ ನೀನು ಅಮ್ಮನ ಸೆರಗು ಬಿಟ್ಟಿರ್ಲಿಲ್ಲ, ಮರೀಬೇಡ. ಅನಂತ್‌ನಾಗ್ ಮೈಮೇಲೆ ದೆವ್ವ ಬಂದಾಗ ನನ್ನ ಮಕ್ಕಳು ಬಿದ್ದು ಬಿದ್ದು ನಕ್ರು.

ಮಗಳ ಜತೆ ಕೂತು ನೋಡೋ ಕಷ್ಟ ಬೇರೆ. ಸಂಪತ್ತಿಗೆ ಸವಾಲ್ ಹಾಕ್ದೆ, 1974ರದ್ದು, ಅಣ್ಣಾವ್ರು ಎಮ್ಮೆ ಮೇಲೆ ಕೂತು ತಾವೇ ಹಾಡಿದ್ದು, ಅಲ್ಲೀವರೆಗೂ ಸಾಮಾನ್ಯವಾಗಿ ಪಿ.ಬಿ. ಶ್ರೀನಿವಾಸ್ ಹಾಡ್ತಿದ್ರು, ಹಂಗೆ ಹಿಂಗೆ ಅಂತ ನಾನು ಭಾಷಣ ಬಿಗೀತಿದ್ದೆ. ಅವಳು ಕೇಳಿದ್ದು ಒಂದೇ, ಆ ಹುಡುಗಿಗೆ ಜಂಬ ಇದ್ರೆ ಇವನಿಗೇನಪ್ಪಾ ಕಷ್ಟ ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಒಂದು ಸಿನಿಮಾ ಅಲ್ಲ, ಜಂಬದ ಹೆಣ್ಣಿಗೆ ಬುದ್ಧಿ ಕಲಿಸೋ ಸಿನಿಮಾ ಆ ಕಾಲದಲ್ಲಿ ಸಾಲು ಸಾಲು ಬಂದ್ವು, ಕಾಮಿಡಿಗೆ ಅಂತ ದಪ್ಪಗಿರೋರನ್ನ, ತೊದಲೋರನ್ನ ಆಡ್ಕೊಳ್ಳೋದು ಎಷ್ಟರಲ್ಲಿ ಇಲ್ಲ ಹೇಳು. ಮಂಜುಳಾ ಆಕ್ಟಿಂಗ್ ಮಾತ್ರ ಇವತ್ತಿಗೂ ಬೆಂಕಿ, ಒಪ್ಕೊತೀನಿ.

ಬಂಗಾರದ ಮನುಷ್ಯ ನೋಡಿ ಹುಡುಗ್ರು ಸಿಟಿ ಬಿಟ್ಟು ಊರಿಗೆ ಬಂದ್ರು ಅಂತ ಈಗ್ಲೂ ಹೇಳ್ತಾರೆ. ಬಂದಿರಬಹುದು. ಆ ಸಿನಿಮಾದ ಹೀರೋ ರಾಜೀವನಿಗೆ ಬಂಡೆ ಜಾಗ ಹಸಿರಾದ್ರೆ ಗೆದ್ದಂಗೆ, ನಮ್ಮ ಕಡೆ ನಾಲೇಲಿ ನೀರು ಬಂದು ಕಬ್ಬು ಎದ್ದು ನಿಂತ್ರೂ ಟನ್‌ಗೆ ಎಷ್ಟು ಕೊಡ್ತಾರೆ, ಯಾವಾಗ ಕೊಡ್ತಾರೆ ಅನ್ನೋದೇ ತಲೆನೋವು.

ಆಮೇಲೆ ಈ ಚಿನ್ನದಂಥ ಕಾಲ ಅನ್ನೋ ಮಾತು. ನಿಮ್ಮ ಮೈಸೂರಲ್ಲೇ ಪ್ರೀಮಿಯರ್ ಸ್ಟುಡಿಯೋ ಇತ್ತಲ್ಲ, 1989 ಫೆಬ್ರವರಿ 8ಕ್ಕೆ ಟಿಪ್ಪು ಸೀರಿಯಲ್ ಶೂಟಿಂಗಲ್ಲಿ ಬೆಂಕಿ ಬಿದ್ದು 62 ಜನ ಸತ್ರು. ಸದ್ದು ಗುಂಯ್‌ಗುಡದೇ ಇರ್ಲಿ ಅಂತ ಗೋಡೆಗೆ ಗೋಣಿಚೀಲ ಹೊದಿಸಿದ್ರಂತೆ, ಅದಕ್ಕೇ ಹತ್ಕೊಂಡು ಹಬ್ತು. ಮಾರನೇ ವರ್ಷ ಆ ಸೀರಿಯಲ್ ಟಿವೀಲಿ ಬಂತು, ನಾವೂ ಕೂತು ನೋಡಿದ್ವಿ, ಕತ್ತಿ ವರಸೆ ಚೆನ್ನಾಗಿದೆ ಅಂದ್ವಿ. ಈಗ ಯಾರಾದ್ರೂ ಅದನ್ನ ಹಾಕಿದ್ರೆ ಸೆಟ್ ನೋಡ್ತಾ ನೋಡ್ತಾ ಇದರಲ್ಲಿ ಯಾವುದು ಬೆಂಕಿಗೆ ಮುಂಚೆ ತೆಗ್ದಿದ್ದು ಅಂತಾನೇ ತಲೇಲಿ ಓಡುತ್ತೆ, ಕಥೆ ಹತ್ತಲ್ಲ.

ನಾಗರಹಾವು ವಿಷಯ ಮಾತ್ರ ಒಂದು ಹೇಳ್ತೀನಿ ಕೇಳು. 2018ರಲ್ಲಿ ಪ್ರಿಂಟ್ ಸರಿ ಮಾಡಿ ಮತ್ತೆ ಥಿಯೇಟರ್‌ಗೆ ಬಿಟ್ಟಿದ್ರು, ನಾನು ಹೋಗಿದ್ದೆ, ಓಬವ್ವ ಒನಕೆ ಎತ್ತಿದಾಗ ಪಕ್ಕದ ಸೀಟಿನ ಮುದುಕ ಎದ್ದು ನಿಂತ. ಹಂಗೆ ಇನ್ನೊಂದ್ಸಲ ಬಿಟ್ರೆ ಬಾ, ಟಿಕೆಟ್ ನಾನೇ ತಗೊತೀನಿ, ಬಾಲ್ಕನಿ. ನಿಮ್ಮತ್ತೇನೂ ಕರ್ಕೊಂಡು ಬಾ, ಪಾಜ್ ಬಟನ್ ಮಾತ್ರ ಇರಲ್ಲ.