ಎಷ್ಟು ಹೊತ್ತು ತಗೊಂಡ್ರಿ?

ಮನೆಗೆ ಬಂದ ನೆಂಟರಿಗೆ ಕಾಲು ತೊಳೆಯಲು ನೀರು ಕೊಟ್ಟು, ಬೆಲ್ಲದ ಚೂರನ್ನು ಮುಂದಿಟ್ಟು, ಊರಿನ ಕಡೆ ಮಳೆ ಬೆಳೆ ಹೇಗಿದೆ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿತ್ತು ಎಂದು ಹಿರಿಯರು ಹೇಳುತ್ತಾರೆ. ಈಗ ನೀರು, ಬೆಲ್ಲ, ಮಳೆ, ಬೆಳೆ ಎಲ್ಲವನ್ನೂ ಒಂದೇ ಒಂದು ಪ್ರಶ್ನೆ ನುಂಗಿ ಹಾಕಿದೆ. ನೆಂಟರು ಕಾರಿನ ಬಾಗಿಲು ತೆರೆದು ಒಂದು ಕಾಲನ್ನು ನೆಲಕ್ಕೆ ಊರುವಷ್ಟರಲ್ಲಿ ಮನೆಯ ಯಜಮಾನರು ಗೇಟಿನಿಂದಲೇ ಕೇಳುತ್ತಾರೆ: ‘ಎಷ್ಟು ಹೊತ್ತು ತಗೊಂಡ್ರಿ?’ ಬಂದವರ ಆ ದಿನದ ಮರ್ಯಾದೆಯೆಲ್ಲ ಇದಕ್ಕೆ ಕೊಡುವ ಉತ್ತರದ ಮೇಲೆ ನಿಂತಿರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆ ಹಿಡಿಯಿತು ಎಂದವನಿಗೆ ಮರುಕ ಸಿಗುತ್ತದೆ, ಅದರ ಜೊತೆಗೆ ಆರಿದ ಕಾಫಿ. ಒಂದು ಗಂಟೆ ಐದು ನಿಮಿಷ ಎಂದವನನ್ನು ಸೋಫಾದ ನಡುಮಧ್ಯೆ ಕೂರಿಸಿ, ಒಳಗಿನಿಂದ ಮಕ್ಕಳನ್ನು ಕರೆದು ತೋರಿಸುತ್ತಾರೆ.

ನನ್ನ ಭಾವಮೈದುನ ಈ ಎರಡನೆಯ ವರ್ಗದವನು. ಅವನ ಹೆಸರನ್ನು ಇಲ್ಲಿ ಬರೆಯಲಾರೆ. ಬರೆದರೆ ಮನೆಯಲ್ಲಿ ನನಗೂ ಆರಿದ ಕಾಫಿಯೇ ಗತಿಯಾದೀತು. ಕಳೆದ ಕಾರ್ತಿಕದಲ್ಲಿ ಮೈಸೂರಿನ ವಿಜಯನಗರದಲ್ಲಿ ನಮ್ಮ ಹತ್ತಿರದ ಬಂಧುಗಳ ಗೃಹಪ್ರವೇಶಕ್ಕೆಂದು ಅವನ ಕಾರಿನಲ್ಲಿ ಹೊರಟಿದ್ದೆ. ರಾಜಾಜಿನಗರದ ಅವನ ಮನೆ ಬಿಟ್ಟಾಗ ಬೆಳಿಗ್ಗೆ 6.40. ಪೆಟ್ರೋಲ್ ಬಂಕಿನ ಸಾಲು, ಗಾಳಿ ಹಿಡಿಸುವ ಸಾಲು, ಕೆಂಗೇರಿಯ ದಟ್ಟಣೆ, ಕುಂಬಳಗೋಡಿನ ಲಾರಿಗಳು ಎಲ್ಲವನ್ನೂ ದಾಟಿ ಕಣಿಮಿಣಿಕೆಯ ಟೋಲ್ ತಲುಪಿದಾಗ 8.05. ಅಲ್ಲಿ ತಡೆಗೋಲು ಮೇಲೆದ್ದ ಕ್ಷಣದಲ್ಲಿ ಅವನು ಫೋನಿನ ಸ್ಟಾಪ್‌ವಾಚ್ ಒತ್ತಿ, ಶಂಖ ಊದಿದ ಸೇನಾಪತಿಯಂತೆ ನನ್ನತ್ತ ನೋಡಿ, ‘ಈಗ ಶುರು ಭಾವ’ ಎಂದ. ಅಲ್ಲಿಯವರೆಗೆ ಕಳೆದ ಒಂದು ಗಂಟೆ ಇಪ್ಪತ್ತೈದು ನಿಮಿಷ ಏನಾಯಿತು ಎಂದು ಕೇಳಿದೆ. ‘ಅದು ಬೆಂಗಳೂರು ಟೈಮು, ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ’ ಎಂಬ ಉತ್ತರ ಬಂತು.

ಈ ಲೆಕ್ಕಶಾಸ್ತ್ರವನ್ನು ಅರ್ಥ ಮಾಡಿಕೊಳ್ಳದೆ ನಮ್ಮ ಕಾಲದ ವೇಗವನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವಿಲ್ಲ. ಗಣಂಗೂರಿನ ಟೋಲ್ ಬಳಿ ಅವನ ಗಡಿಯಾರ ನಿಂತಾಗ ಸರಿಯಾಗಿ 9 ಗಂಟೆ. ಅಲ್ಲಿಂದ ಮುಂದೆ ಮೈಸೂರಿನ ವರ್ತುಲ ರಸ್ತೆಯ ಸಿಗ್ನಲ್ಲಿನಲ್ಲಿ ಮೂರು ಸಲ ಹಸಿರು ಬಿದ್ದು ಮೂರು ಸಲವೂ ನಮ್ಮ ಸರದಿ ಬರದೆ, ಗೃಹಪ್ರವೇಶದ ಮನೆಯ ಚಪ್ಪರದ ಮುಂದೆ ಇಳಿದಾಗ 9.35. ಅಂದರೆ ಮನೆಯಿಂದ ಮನೆಗೆ 2 ಗಂಟೆ 55 ನಿಮಿಷ. ಎಕ್ಸ್‌ಪ್ರೆಸ್‌ವೇ ಆಗುವುದಕ್ಕೆ ಮೊದಲು, ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ ತಿಂದು, ಚನ್ನಪಟ್ಟಣದಲ್ಲಿ ಮಗುವಿಗೊಂದು ಬೊಂಬೆ ಕೊಂಡು, ಮದ್ದೂರಿನಲ್ಲಿ ವಡೆಗೆಂದು ಇಳಿದು ಹೋಗುತ್ತಿದ್ದ ಕಾಲದಲ್ಲೂ ಹೆಚ್ಚುಕಡಿಮೆ ಇಷ್ಟೇ ಹೊತ್ತು ಹಿಡಿಯುತ್ತಿತ್ತು. ಆದರೆ ಗೇಟಿನಲ್ಲಿ ನಿಂತಿದ್ದ ಷಡ್ಡಕರು ಮಾಮೂಲಿ ಪ್ರಶ್ನೆ ಕೇಳಿದಾಗ ನನ್ನ ಭಾವಮೈದುನ ಎದೆಯುಬ್ಬಿಸಿ ‘ಐವತ್ತೈದು ನಿಮಿಷ’ ಎಂದ. ಷಡ್ಡಕರು ಹುಬ್ಬೇರಿಸಿದರು, ಬಾಳೆಕಂಬ ಕಟ್ಟುತ್ತಿದ್ದ ಹುಡುಗ ಹಗ್ಗ ಬಿಟ್ಟು ಇತ್ತ ನೋಡಿದ. ನಾನು ಬಾಯಿ ತೆರೆಯಲಿಲ್ಲ. ನೆಂಟಸ್ತನದಲ್ಲಿ ಗಡಿಯಾರಕ್ಕಿಂತ ಮೌನ ದೊಡ್ಡದು.

ಇದರಲ್ಲಿ ಅವನೊಬ್ಬನನ್ನೇ ದೂರಿ ಫಲವಿಲ್ಲ. ಈ ಹೆದ್ದಾರಿಯನ್ನು ನಮಗೆ ಒಪ್ಪಿಸಿದ್ದೇ ನಿಮಿಷಗಳ ಲೆಕ್ಕದಲ್ಲಿ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಪ್ರಧಾನಿಯವರು ಇದನ್ನು ಉದ್ಘಾಟಿಸಿದಾಗ, 118 ಕಿ.ಮೀ ಉದ್ದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚ ಎಂಬ ವಿವರಗಳೆಲ್ಲ ಪತ್ರಿಕೆಗಳಲ್ಲಿ ಬಂದಿದ್ದವು. ಜನರ ಕಿವಿಗೆ ಬಿದ್ದದ್ದು ಮಾತ್ರ ‘ಮೂರು ಗಂಟೆಯ ದಾರಿ ಇನ್ನು 75 ನಿಮಿಷ’ ಎಂಬ ಒಂದೇ ಮಾತು. ಸರ್ಕಾರ ಅದನ್ನು ಸೌಲಭ್ಯವೆಂದು ಹೇಳಿತು, ಜನ ಅದನ್ನು ಪಂಥವೆಂದು ಕೇಳಿಸಿಕೊಂಡರು. ಸರ್ಕಾರವೇ 75 ಎಂದ ಮೇಲೆ 74ಕ್ಕೆ ಹೋಗದವನ ಸ್ಟೀರಿಂಗ್ ಹಿಡಿಯುವ ಯೋಗ್ಯತೆಯನ್ನೇ ಅನುಮಾನಿಸಬೇಕಾಗುತ್ತದೆ. 118 ಕಿ.ಮೀ ದೂರವನ್ನು 75 ನಿಮಿಷದಲ್ಲಿ ಮುಗಿಸಲು ಸರಾಸರಿ ಗಂಟೆಗೆ 94 ಕಿ.ಮೀ ವೇಗ ಬೇಕು. ಗರಿಷ್ಠ ಮಿತಿ ಇರುವುದು 100. ಅಂದರೆ ಟೋಲಿನಲ್ಲಿ ನಿಲ್ಲದೆ, ಮಗುವಿಗೆ ವಾಂತಿ ಬಂದರೂ ನಿಲ್ಲಿಸದೆ ಓಡಿಸಿದರೆ ಕಾನೂನೂ ಉಳಿದೀತು, ಭರವಸೆಯೂ ಉಳಿದೀತು. ಎರಡರಲ್ಲಿ ಒಂದನ್ನು ಬಿಡಬೇಕಾದ ಪ್ರಸಂಗ ಬಂದಾಗ ಯಾವುದನ್ನು ಬಿಡಬೇಕೆಂಬ ವಿಷಯದಲ್ಲಿ ನಮ್ಮವರಲ್ಲಿ ಭಿನ್ನಾಭಿಪ್ರಾಯ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಸರ್ಕಾರ ಬಿಟ್ಟ ಕೆಲಸವನ್ನು ಫೋನು ಮುಂದುವರಿಸುತ್ತದೆ. ಡ್ಯಾಶ್‌ಬೋರ್ಡಿಗೆ ಅಂಟಿಸಿದ ನಕ್ಷೆಯಲ್ಲಿ ತಲುಪುವ ಸಮಯ 9.22 ಎಂದು ತೋರಿಸುತ್ತಿತ್ತು. ಅದು ಮಾಹಿತಿ ಎಂದು ನಾನು ತಿಳಿದಿದ್ದೆ, ಭಾವಮೈದುನ ಅದನ್ನು ಅಪಮಾನವೆಂದು ತಿಳಿದ. ‘ಇವಳು 9.22 ಅಂತಾಳೆ, ನೋಡ್ತಾ ಇರಿ ಭಾವ’ ಎಂದು ಆ ಹೆಣ್ಣುದನಿಯ ಜೊತೆ ಜಿದ್ದಿಗೆ ಬಿದ್ದ. ಚನ್ನಪಟ್ಟಣ ಹಿಂದಾಗುವಾಗ 9.19 ಆಯಿತು, ಮಂಡ್ಯ ದಾಟುವಾಗ 9.16. ಪ್ರತಿ ನಿಮಿಷ ಕಡಿಮೆಯಾದಾಗಲೂ ಅವನ ಮುಖದಲ್ಲಿ ಮೂಡುತ್ತಿದ್ದ ಕಳೆಯನ್ನು ನಾನು ಅವನ ಮದುವೆಯ ದಿನವೂ ಕಂಡಿರಲಿಲ್ಲ. ಕೊನೆಗೆ ವರ್ತುಲ ರಸ್ತೆಯ ಸಿಗ್ನಲ್ಲಿನಲ್ಲಿ ಅವಳು ಒಂದು ಮಾತನ್ನೂ ಆಡದೆ, ಅವನು ಗೆದ್ದಿದ್ದ ಆರು ನಿಮಿಷವನ್ನು ಬಡ್ಡಿ ಸಮೇತ ವಸೂಲಿ ಮಾಡಿಕೊಂಡಳು.

ಬೆಂಗಳೂರಿನವರು ಹೀಗೇಕೆ ಎಂದು ಮೈಸೂರಿನವರು ಆಗಾಗ ಕೇಳುವುದುಂಟು. ಉತ್ತರ ಬೆಂಗಳೂರಿನ ಸಿಗ್ನಲ್ಲುಗಳಲ್ಲೇ ಇದೆ. ನೆದರ್‌ಲೆಂಡ್ಸ್‌ನ ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದಲ್ಲಿ, ನಗರದ ಮಧ್ಯಭಾಗದಲ್ಲಿ 10 ಕಿ.ಮೀ ಸಾಗಲು 29 ನಿಮಿಷ 10 ಸೆಕೆಂಡ್ ತೆಗೆದುಕೊಂಡು ಬೆಂಗಳೂರು ಲಂಡನ್ನಿನ ನಂತರ ಎರಡನೆಯ ಸ್ಥಾನ ಪಡೆದಿತ್ತು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಗಟ್ಟಿ ಕಾಲಿನ ಹುಡುಗನೊಬ್ಬ ಸೈಕಲ್ಲಿನಲ್ಲಿ ಬರುವ ವೇಗ. ವಾರದ ಐದೂ ದಿನ ಸೈಕಲ್ಲಿನ ವೇಗದಲ್ಲಿ ಸಾಗಲು ಹದಿನೈದು ಲಕ್ಷ ರೂಪಾಯಿಯ ಕಾರಿನ ಕಂತು ಕಟ್ಟುವವನ ಒಳಗೆ ಏನು ಕುದಿಯುತ್ತಿರುತ್ತದೆ ಎಂಬುದನ್ನು ಹೊರಗಿನವರು ಊಹಿಸಲಾರರು. ಕೆಂಪು ದೀಪದ ಪಕ್ಕದ ಅಂಕಿ ಐದಕ್ಕೆ ಇಳಿಯುತ್ತಿದ್ದಂತೆ ಹಿಂದಿನ ಸಾಲಿನಿಂದ ಹಾರ್ನ್ ಮೊದಲಾಗುತ್ತದೆ. ನಾಲ್ಕಕ್ಕೆ ಬೈಕುಗಳು ಗೆರೆ ದಾಟಿ ನಡುರಸ್ತೆಯಲ್ಲಿ ನಿಲ್ಲುತ್ತವೆ, ಮೂರಕ್ಕೆ ಆಟೋದ ಮುಂದಿನ ಚಕ್ರ ಹೊರಳುತ್ತದೆ, ಎರಡಕ್ಕೆ ಇಡೀ ಸೈನ್ಯ ನುಗ್ಗುತ್ತದೆ. ಹಸಿರು ಬಿದ್ದ ಮೇಲೆ ಹೊರಡುವವನನ್ನು ಈ ಊರಿನಲ್ಲಿ ತಡವಾಗಿ ಹೊರಟವನೆಂದು ಪರಿಗಣಿಸಲಾಗುತ್ತದೆ. ಹೀಗೆ ಹೋರಾಡಿ ಗಳಿಸಿದ ಆ ಎರಡು ಸೆಕೆಂಡನ್ನು ಇಟ್ಟುಕೊಂಡು ಎಲ್ಲರೂ ನೂರೈವತ್ತು ಮೀಟರ್ ಆಚೆಯ ಮುಂದಿನ ಸಿಗ್ನಲ್ಲಿನಲ್ಲಿ ತೊಂಬತ್ತು ಸೆಕೆಂಡ್ ಕಾಯುತ್ತಾರೆ. ಹೀಗೆ ವಾರವಿಡೀ ಕಟ್ಟಿಹಾಕಿದ ಕುದುರೆಯನ್ನು ಶನಿವಾರ ಬೆಳಿಗ್ಗೆ ಕುಂಬಳಗೋಡಿನ ಆಚೆ ಬಿಟ್ಟಾಗ ಅದು ಕುದುರೆಯಂತೆಯೇ ವರ್ತಿಸುತ್ತದೆ. ವ್ಯತ್ಯಾಸವೆಂದರೆ ಕುದುರೆಗೆ ತನ್ನ ಕಾಲು ಮುರಿಯುವುದೆಂಬ ಭಯವಾದರೂ ಇರುತ್ತದೆ.

ಆ ರಸ್ತೆಯಲ್ಲಿ ಹಿಂದೆ ಬೀಳುವುದು ದೂರದ ವಿಚಾರವಲ್ಲ, ಮಾನದ ವಿಚಾರ. ನಾವು ಬಲತುದಿಯ ಲೇನಿನಲ್ಲಿ, ಅದು ಭಾವಮೈದುನನ ಹೆಸರಿಗೆ ಖಾತೆಯಾಗಿದೆಯೋ ಎಂಬಂತೆ ಸಾಗುತ್ತಿದ್ದಾಗ, ಹಿಂದಿನಿಂದ ಬಿಳಿ ಕಾರೊಂದು ದೀಪ ಮಿಣುಕಿಸಿ, ನಾವು ಸರಿಯದಿದ್ದಾಗ ಎಡದಿಂದಲೇ ನುಗ್ಗಿ ಮುಂದೆ ಹೋಯಿತು. ಒಳಗಿದ್ದವರು ಯಾರೋ, ಎಲ್ಲಿಗೆ ಹೊರಟವರೋ ತಿಳಿಯದು. ಆದರೂ ಮುಂದಿನ ಹತ್ತು ಕಿಲೋಮೀಟರ್ ನಮ್ಮ ಕಾರು ಹೋದದ್ದು ಮೈಸೂರಿಗಲ್ಲ, ಆ ಕಾರಿನ ಹಿಂದೆ. ನೂರಿಪ್ಪತ್ತರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ಸ್ಟಾಪ್‌ವಾಚ್ ಮೇಲೆ ಅವನು ಎರಡು ಸೆಕೆಂಡ್ ಕಣ್ಣಾಡಿಸಿದರೆ 66 ಮೀಟರ್ ದೂರವನ್ನು ನಾವು ದೇವರ ಮೇಲೆ ಭಾರ ಹಾಕಿ ಕ್ರಮಿಸಿದ್ದೇವೆಂದು ಅರ್ಥ. ನೂರರಲ್ಲಿ ಹೋದರೆ ಇಡೀ ಹೆದ್ದಾರಿಗೆ 71 ನಿಮಿಷ, ನೂರಿಪ್ಪತ್ತರಲ್ಲಿ ಹೋದರೆ 59. ಉಳಿತಾಯ ಹನ್ನೆರಡು ನಿಮಿಷ. ಇದಕ್ಕೆ ಪ್ರತಿಯಾಗಿ ಗುದ್ದಿದಾಗಿನ ಹೊಡೆತದ ಶಕ್ತಿ ಶೇ 44ರಷ್ಟು ಏರುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ಚೌಕಾಶಿ ಮಾಡುವ ನಮ್ಮ ಜನ ಈ ವ್ಯಾಪಾರದಲ್ಲಿ ಮಾತ್ರ ಕೇಳಿದ ಬೆಲೆ ಕೊಟ್ಟುಬಿಡುತ್ತಾರೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಸತ್ತವರ ವಯಸ್ಸು, ವಾಹನದ ಬಗೆ, ಹೊತ್ತು, ಹವಾಮಾನ ಎಲ್ಲದಕ್ಕೂ ಆ ವರದಿಯಲ್ಲಿ ಕೋಷ್ಟಕಗಳಿವೆ. ಯಾರು ಎಷ್ಟು ನಿಮಿಷ ಉಳಿಸಿದ್ದರು ಎಂಬ ಕಾಲಂ ಮಾತ್ರ ಇಲ್ಲ.

ಪೊಲೀಸರು ಸುಮ್ಮನೆ ಕೂತಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಸಿದ್ದಾಯಿತು. ಆಮೇಲೆ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲೇ ಆಗಲಿ ಗಂಟೆಗೆ 130 ಕಿ.ಮೀ ಮೀರಿದರೆ ಎಫ್‌ಐಆರ್ ದಾಖಲಿಸುವುದಾಗಿ ಸಾರಿದರು. ಈ ಎಚ್ಚರಿಕೆಯನ್ನು ನಮ್ಮ ಜನ ಓದಿಕೊಂಡ ಬಗೆಯನ್ನು ಮೆಚ್ಚಲೇಬೇಕು. ‘ಮಿತಿ 100, 130 ದಾಟಿದರೆ ಕೇಸು’ ಎಂಬ ವಾಕ್ಯದಿಂದ ಅವರು 129ರವರೆಗೆ ಸರ್ಕಾರದ ಮೌನ ಸಮ್ಮತಿ ಇದೆ ಎಂಬ ತಾತ್ಪರ್ಯವನ್ನು ಹೊರಡಿಸಿದರು. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥನಿಗೂ ಇಂಥ ಅರ್ಥ ಹೊಳೆಯುತ್ತಿರಲಿಲ್ಲ.

ಇನ್ನು ಕ್ಯಾಮೆರಾಗಳಿಗೆ ಸಲ್ಲುವ ಗೌರವವನ್ನು ಕಣ್ಣಾರೆ ನೋಡಬೇಕು. ಬಸ್ಸು ಊರ ಮುಂದಿನ ಮಾರಮ್ಮನ ಗುಡಿ ದಾಟುವಾಗ ಪ್ರಯಾಣಿಕರೆಲ್ಲ ಮಾತು ನಿಲ್ಲಿಸಿ, ಕಿಟಕಿಯತ್ತ ಬಾಗಿ, ಗಲ್ಲ ಬಡಿದುಕೊಂಡು, ಗುಡಿ ಹಿಂದಾದ ಕೂಡಲೇ ಅರ್ಧಕ್ಕೆ ನಿಲ್ಲಿಸಿದ್ದ ಬೈಗುಳವನ್ನು ಮುಂದುವರಿಸುತ್ತಾರಲ್ಲ, ಹಾಗೆಯೇ ಇಲ್ಲಿಯೂ. ಇನ್ನೂರು ಮೀಟರ್ ದೂರದಲ್ಲಿ ಕಮಾನು ಕಾಣುತ್ತಿದ್ದಂತೆ ನಮ್ಮ ಕಡೆಯ ಮೂರೂ ಲೇನುಗಳಲ್ಲಿ ಹಿಂಬದಿಯ ಕೆಂಪು ದೀಪಗಳು ಮಂಗಳಾರತಿಯಂತೆ ಒಟ್ಟಿಗೆ ಬೆಳಗುತ್ತವೆ, ಮುಳ್ಳು 98ಕ್ಕೆ ಇಳಿಯುತ್ತದೆ. ಕಮಾನಿನ ಕೆಳಗೆ ಕ್ಷಣಕಾಲ ಎಲ್ಲರೂ ಸಜ್ಜನರು. ಆಚೆ ಬಂದ ಕೂಡಲೇ ಮತ್ತೆ ಬಿಳಿ ಕಾರು, ಮತ್ತೆ ಮಾನದ ಪ್ರಶ್ನೆ. ಮುಂದಿನ ಗುಡಿ ಎಲ್ಲಿದೆ ಎಂದು ಆ ಹೆಣ್ಣುದನಿಯೇ ಮುಂಚಿತವಾಗಿ ತಿಳಿಸುವುದರಿಂದ ಭಕ್ತರಿಗೆ ತೊಂದರೆಯಿಲ್ಲ.

ಇಷ್ಟೆಲ್ಲ ಮಾಡಿ ಮುಹೂರ್ತಕ್ಕೆ ಮುಂಚೆ ತಲುಪಿದ್ದೆವು ನಿಜ. ಪುರೋಹಿತರು ಬಂದಿರಲಿಲ್ಲ. ಅವರು ನಂಜನಗೂಡಿನಿಂದ ಸ್ಕೂಟರಿನಲ್ಲಿ, ನಲವತ್ತರ ವೇಗ ಮೀರದೆ ಬರುವವರಂತೆ. ನಲವತ್ತು ನಿಮಿಷ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಭಾವಮೈದುನ ಫೋನಿನಲ್ಲಿ ಚಿಕ್ಕ ಚಿಕ್ಕ ವಿಡಿಯೊಗಳನ್ನು ನೋಡಿದ, ಅವನ್ನೂ ಎರಡು ಪಟ್ಟು ವೇಗದಲ್ಲಿ. ಅಲ್ಲಿ ಉಳಿಸಿದ ಸಮಯದಲ್ಲಿ ಇನ್ನಷ್ಟು ವಿಡಿಯೊ ನೋಡಿದ.

ಊಟದ ಹೊತ್ತಿಗೆ ಹೆದ್ದಾರಿಯೇ ಚಪ್ಪರದೊಳಗೆ ಬಂದಿತ್ತು. ಮೊದಲ ಪಂಕ್ತಿಗೆ ಜಾಗ ಸಿಗದವರು ಉಣ್ಣುತ್ತಿದ್ದವರ ಕುರ್ಚಿಗಳ ಬೆನ್ನು ಹಿಡಿದು, ಒಂದು ಗೇಣಿನ ಅಂತರವನ್ನೂ ಬಿಡದೆ ನಿಂತಿದ್ದರು. ಒಬ್ಬ ಅಜ್ಜಿ ನಿಧಾನವಾಗಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರೆ, ಅವರ ಹಿಂದೆ ನಿಂತಿದ್ದ ಗೃಹಸ್ಥರು, ದೀಪ ಮಿಣುಕಿಸಲು ಉಪಾಯವಿಲ್ಲದೆ, ಎರಡು ಬಾರಿ ಕೆಮ್ಮಿದರು. ಬಡಿಸುವವರು ಅನ್ನ, ಸಾರು, ಹುಳಿ, ಪಾಯಸವನ್ನು ಒಬ್ಬರ ಹಿಂದೊಬ್ಬರು ಓಡುತ್ತ ಸುರಿದು ಹೋಗುತ್ತಿದ್ದುದರಿಂದ, ನನ್ನ ಎಲೆಯಲ್ಲಿ ಸಾರು ಅನ್ನಕ್ಕಿಂತ ಮೊದಲು ಬಂದು, ಅನ್ನ ಬರುವಷ್ಟರಲ್ಲಿ ಪಂಚೆಯ ಮೇಲೆ ಇಳಿದಾಗಿತ್ತು.

ಮಜ್ಜಿಗೆಯ ಹಂತದಲ್ಲಿ ಭಾವಮೈದುನನ ಫೋನು ಎರಡು ಸಲ ಸದ್ದು ಮಾಡಿತು. ಎಡಗೈಯಲ್ಲಿ ತೆಗೆದು ನೋಡಿದ. ಬೆಳಗಿನ ಓಟದ ಎರಡು ಇ-ಚಲನ್‌ಗಳು. ಒಂದೊಂದಕ್ಕೆ ಸಾವಿರ ರೂಪಾಯಿ. ಹೆಣ್ಣುದನಿಗೆ ಗೊತ್ತಿಲ್ಲದ ಗುಡಿಗಳೂ ದಾರಿಯಲ್ಲಿ ಇದ್ದವೆಂದು ಕಾಣುತ್ತದೆ. ‘ಈಗಲೇ ಕಟ್ಟಿಬಿಡಪ್ಪ, ಮೊಬೈಲಿನಲ್ಲೇ ಎರಡು ನಿಮಿಷದ ಕೆಲಸ’ ಎಂದೆ. ಅವನು ನನ್ನನ್ನು ಲೋಕಜ್ಞಾನವಿಲ್ಲದವನನ್ನು ನೋಡುವಂತೆ ನೋಡಿದ. 2023ರ ಫೆಬ್ರವರಿಯಲ್ಲಿ ಸರ್ಕಾರ ದಂಡಕ್ಕೆ ಶೇ 50ರ ರಿಯಾಯಿತಿ ಬಿಟ್ಟಾಗ ಬೆಂಗಳೂರಿನ ಜನ ಆಷಾಢದ ಸೀರೆ ಮಾರಾಟಕ್ಕೆ ಮುಗಿಬಿದ್ದಂತೆ ಮುಗಿಬಿದ್ದು, ಕೆಲವೇ ದಿನಗಳಲ್ಲಿ ವಸೂಲಿ ನೂರು ಕೋಟಿ ರೂಪಾಯಿ ದಾಟಿತ್ತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅದೇ ರಿಯಾಯಿತಿ ಮತ್ತೊಮ್ಮೆ ಬಂದಿತ್ತು. ಎರಡು ಸಲವೂ ಅವನು ಕೊನೆಯ ದಿನದವರೆಗೆ ಕಾದು ಹಳೆಯ ಬಾಕಿಯನ್ನು ಅರ್ಧಕ್ಕೆ ತೀರಿಸಿದ್ದ.

‘ಅವಸರ ಏನಿದೆ ಭಾವ’ ಎಂದು ಫೋನನ್ನು ಜೇಬಿಗಿಳಿಸಿದ. ‘ಇನ್ನೊಂದೆರಡು ವರ್ಷ ಹೋಗ್ಲಿ, ಮತ್ತೆ ಅರ್ಧ ರೇಟ್ ಬಿಡ್ತಾರೆ. ಆಗ ನಿಧಾನವಾಗಿ ನೋಡೋಣ.’