ಶಿಬಿ ಚಕ್ರವರ್ತಿಯ ಪೇಸ್ಲಿಪ್

2025ರ ನವೆಂಬರ್ ಬಜೆಟ್ಟಿನಲ್ಲಿ ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ ಪೆನ್ಷನ್ನಿನ ಸ್ಯಾಲರಿ ಸ್ಯಾಕ್ರಿಫೈಸ್‌ಗೆ (ಸಂಬಳದ ಒಂದು ಪಾಲು ಕೈಗೆ ಬೇಡವೆಂದು ನೇರ ಪೆನ್ಷನ್ನಿಗೆ ಹಾಕಿಸುವ ಏರ್ಪಾಡಿಗೆ) ಕತ್ತರಿ ಹಾಕಿದರು. 2029ರ ಏಪ್ರಿಲ್‌ನಿಂದ ವರ್ಷಕ್ಕೆ 2,000 ಪೌಂಡ್ ತನಕ ಮಾತ್ರ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಕೀಳುವ ಸಾಮಾಜಿಕ ಭದ್ರತೆಯ ಕಂತು) ಮಾಫಿ. ಅಲ್ಲಿ ನೆಲೆಸಿರುವ ನಮ್ಮವರಿಗೆ ಹೊಟ್ಟೆಯುರಿ. ಪೆನ್ಷನ್ನಿನ ಚಿಂತೆಗಿಂತ ಹೆಚ್ಚಾಗಿ ನರ್ಸರಿ ಫೀಸಿನ ಚಿಂತೆ. ಎರಡಕ್ಕೂ ಏನು ನಂಟು ಎಂದು ಕೇಳಬೇಡಿ, ಬ್ರಿಟನ್ನಿನಲ್ಲಿ ಮಗುವಿಗೆ ಡೈಪರ್ ಹಾಕುವ ಮೊದಲು ಅಪ್ಪನ ನಿವೃತ್ತಿಯ ಲೆಕ್ಕ ಮುಗಿದಿರಬೇಕು.

ಸ್ಯಾಕ್ರಿಫೈಸ್ ಅಂದರೆ ತ್ಯಾಗ. ಪಾರಿವಾಳಕ್ಕಾಗಿ ತನ್ನ ಮಾಂಸವನ್ನೇ ಕೊಯ್ದು ತಕ್ಕಡಿಗಿಟ್ಟ ಶಿಬಿ ಚಕ್ರವರ್ತಿಯ ಸಾಲಿನವರು ಇವರು. ಇಲ್ಲಿ ಕೊಯ್ಯುವ ಕೆಲಸ ಪೇರೋಲ್ ವಿಭಾಗದ್ದು. ‘ತಿಂಗಳಿಗೆ 243 ಪೌಂಡ್ ಸಂಬಳ ನನಗೆ ಬೇಡ’ ಎಂದು ನೌಕರ ತನ್ನ ಕೆಲಸದ ಒಪ್ಪಂದವನ್ನೇ ತಿದ್ದಿಸಿಕೊಳ್ಳುತ್ತಾನೆ. ಕಂಪನಿ ಅಷ್ಟೇ ಮೊತ್ತದ ಚೈಲ್ಡ್‌ಕೇರ್ ವೋಚರ್ ಕೊಡುತ್ತದೆ, ಅದು ನೇರ ನರ್ಸರಿಗೆ. ಕೈಗೆ ಬಾರದ ದುಡ್ಡಿಗೆ 20% ಆದಾಯ ತೆರಿಗೆಯೂ ಇಲ್ಲ, 8% ನ್ಯಾಷನಲ್ ಇನ್ಶೂರೆನ್ಸೂ ಇಲ್ಲ. ವರ್ಷಕ್ಕೆ ಸುಮಾರು 816 ಪೌಂಡ್ ಉಳಿಯಿತು. ಕಂಪನಿಗೂ ತನ್ನ ಪಾಲಿನ 15% ಇನ್ಶೂರೆನ್ಸ್ ಉಳಿಯಿತು. ಶಿಬಿಯ ಕಾಲದಲ್ಲಿ ಗಿಡುಗನಿಗೆ ಕಮಿಷನ್ ಇರಲಿಲ್ಲ.

ತ್ಯಾಗ ಮಾಡುವುದಕ್ಕೂ ಯೋಗ್ಯತೆ ಬೇಕು. ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗಿಳಿಯುವ ಹಾಗಿದ್ದರೆ ಕಾನೂನು ಒಪ್ಪುವುದಿಲ್ಲ. ಅಂದರೆ ಕನಿಷ್ಠ ವೇತನಕ್ಕೆ ದುಡಿಯುತ್ತ ಊರವರ ಮಕ್ಕಳ ಮೂಗು ಒರೆಸುವ ಆಯಾ ತನ್ನ ಮಗುವಿಗಾಗಿ ತ್ಯಾಗ ಮಾಡುವಂತಿಲ್ಲ. ಸ್ವಂತ ಉದ್ಯೋಗದವರೂ ಇಲ್ಲ.

ಇಷ್ಟು ಓದಿ ಅರ್ಜಿ ಹುಡುಕಲು ಹೊರಟಿರಾ? ಕೂತುಕೊಳ್ಳಿ. ವೋಚರ್ ಯೋಜನೆಯ ಬಾಗಿಲು 2018ರ ಅಕ್ಟೋಬರ್ 4ಕ್ಕೇ ಮುಚ್ಚಿದೆ. ಆಗ ಒಳಗಿದ್ದವರು ಈಗಲೂ ಒಳಗೆ, ಇನಾಮ್ತಿ ಜಮೀನಿನ ಹಾಗೆ. ಕೆಲಸ ಬದಲಿಸಿದರೆ ಜಮೀನು ಹೋಯಿತು. ವರ್ಷ ಮೀರಿ ಸಂಬಳವಿಲ್ಲದ ರಜೆ ಹಾಕಿದರೂ ಹೋಯಿತು. ಇನಾಮ್ತಿಯಲ್ಲೂ ಮೇಲುಕೀಳುಂಟು: 2011ರ ಏಪ್ರಿಲ್ 6ಕ್ಕೆ ಮೊದಲು ಸೇರಿದವರಿಗೆ ಸಂಬಳ ಎಷ್ಟೇ ಇರಲಿ ತಿಂಗಳಿಗೆ 243 ಪೌಂಡ್; ಆಮೇಲೆ ಬಂದವರಲ್ಲಿ 40% ತೆರಿಗೆಯವರಿಗೆ 124, 45% ತೆರಿಗೆಯವರಿಗೆ 110. ಎರಡನೇ ಮಗುವಿನ ಬಸುರಿ ವೋಚರ್ ಬಿಡದಿದ್ದರೆ ಇನ್ನೊಂದು ಪೆಟ್ಟು. ಹೆರಿಗೆ ಭತ್ಯೆಯ ಸರಾಸರಿ ತೆಗೆಯುವುದು ಸುಮಾರು ನಾಲ್ಕರಿಂದ ಆರನೇ ತಿಂಗಳ ನಡುವಿನ ಎಂಟು ವಾರಗಳ ಸಂಬಳದ ಮೇಲೆ, ಅದೂ ತ್ಯಾಗ ಕಳೆದು ಉಳಿದ ಸಂಬಳದ ಮೇಲೆ. ಮೊದಲ ಆರು ವಾರ ಸಿಗುವ 90% ಅಷ್ಟರಮಟ್ಟಿಗೆ ಸೊರಗುತ್ತದೆ.

ಆಂಗ್ಲರನ್ನು ನೋಡಿ ನಗುವ ಮೊದಲು ನಮ್ಮ ಮನೆಯ ದೋಸೆಯ ತೂತನ್ನೂ ಎಣಿಸೋಣ. ದಶಕಗಳ ಕಾಲ ನಮ್ಮ ಆದಾಯ ತೆರಿಗೆ ನಿಯಮ ಮಗುವಿನ ಶಿಕ್ಷಣ ಭತ್ಯೆಗೆ ಕೊಟ್ಟ ವಿನಾಯಿತಿ ತಿಂಗಳಿಗೆ 100 ರೂಪಾಯಿ. ಹಾಸ್ಟೆಲ್ಲಿಗೆ 300. ಅದೂ ಎರಡು ಮಕ್ಕಳಿಗೆ ಮಾತ್ರ, ಮೂರನೆಯದು ಉಪವಾಸ ಓದಲಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿ, 50 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದರು. ಅಪ್ಪನ ಹೆಸರೇ ಅಲ್ಲಿಲ್ಲ. ಅವನು ಎಂದಿನಂತೆ ಮೀಟಿಂಗಿನಲ್ಲಿದ್ದಾನೆ.

ಮತ್ತೆ ಬ್ರಿಟನ್ನಿಗೆ. ವೋಚರಿಗೆ ಬದಲಾಗಿ ಬಂದದ್ದು ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್. ಹೆಸರಿನಲ್ಲಷ್ಟೇ ಟ್ಯಾಕ್ಸು, ಪೇಸ್ಲಿಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಖಾತೆಗೆ ನೀವು 8 ಪೌಂಡ್ ಹಾಕಿದರೆ ಸರ್ಕಾರ 2 ಹಾಕುತ್ತದೆ, ಮಗುವೊಂದಕ್ಕೆ ಮೂರು ತಿಂಗಳಿಗೆ ಹೆಚ್ಚೆಂದರೆ 500. ಮೂರು ತಿಂಗಳಿಗೊಮ್ಮೆ ‘ನಾನಿನ್ನೂ ದುಡಿಯುತ್ತಿದ್ದೇನೆ’ ಎಂದು ಆನ್‌ಲೈನಿನಲ್ಲಿ ಪ್ರಮಾಣ ಮಾಡಬೇಕು. ಮರೆತರೆ ಸರ್ಕಾರದ ಪಾಲು ನಿಂತಿತು. ವೋಚರ್, ಇದು, ಎರಡೂ ಒಟ್ಟಿಗೆ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ 20% ತೆರಿಗೆಯ ವೋಚರುದಾರರಾಗಿದ್ದು ಒಂದೇ ಮಗುವಾದರೆ, ವರ್ಷದ ಖರ್ಚು ಸುಮಾರು 8,160 ಪೌಂಡ್ ದಾಟಿದಾಗ ಮಾತ್ರ ಹೊಸದು ಲಾಭ. ಶಾಲೆ ಬಿಟ್ಟ ಮೇಲಿನ ಎರಡು ಗಂಟೆಗಷ್ಟೇ ದುಡ್ಡು ಕಟ್ಟುವವರು ಹಳೆಯದನ್ನು ಬಿಡುವುದು ದಡ್ಡತನ, ಬಿಟ್ಟರೆ ಮರಳಿ ಸಿಗದು.

ಇನ್ನು ಪ್ರಪಾತ. ತಂದೆತಾಯಿಯರಲ್ಲಿ ಒಬ್ಬರ ಆದಾಯ 1,00,000 ಪೌಂಡ್ ದಾಟಿದರೆ ಈ ಖಾತೆಯೂ ಇಲ್ಲ, ಇಂಗ್ಲೆಂಡಿನಲ್ಲಿ ದುಡಿಯುವ ಪೋಷಕರಿಗೆ ಕೊಡುವ ವಾರದ 30 ಗಂಟೆಯ ಉಚಿತ ನರ್ಸರಿಯೂ ಇಲ್ಲ. ಇಬ್ಬರೂ ತಲಾ 99,999 ದುಡಿದರೆ ಎರಡೂ ಉಂಟು! ಒಂಟಿ ತಾಯಿ 1,00,001 ದುಡಿದರೆ ಆಕೆ ಆಗರ್ಭ ಶ್ರೀಮಂತೆ. ಬ್ಯಾಂಕ್ ಬಡ್ಡಿಯೂ ಈ ಲೆಕ್ಕಕ್ಕೆ ಸೇರುತ್ತದೆ. ಬಹುಕಾಲದಿಂದ ಅಲ್ಲಿನ ನಿವಾಸಿಗಳಾದವರಿಗೆ ಮಾರತಹಳ್ಳಿಯ ಫ್ಲಾಟಿನ ಬಾಡಿಗೆಯೂ ಸೇರುತ್ತದೆ. ಪರಿಹಾರವೇ ಆ ಪೆನ್ಷನ್ ತ್ಯಾಗ. ರೀವ್ಸ್ ಕತ್ತರಿ ಬಿದ್ದಿರುವುದು ಇನ್ಶೂರೆನ್ಸ್ ಮಾಫಿಗೆ ಮಾತ್ರ, ಆದಾಯ ತಗ್ಗಿಸುವ ದಾರಿ ಇನ್ನೂ ತೆರೆದಿದೆ. ಆದರೆ ಬೋನಸ್ ಕೈಗೆ ಬೀಳುವ ಮೊದಲೇ ತ್ಯಾಗಪತ್ರ ಬರೆದಿರಬೇಕು. ಬಿದ್ದ ಮೇಲಾದರೆ ತೆರಿಗೆ ವರ್ಷ ಮುಗಿಯುವ ಏಪ್ರಿಲ್ 5ರೊಳಗೆ ಸ್ವಂತ ಪೆನ್ಷನ್ನಿಗೆ 800 ಪೌಂಡ್ ಕಟ್ಟಿ. ಸರ್ಕಾರದ 200 ಸೇರಿ ಆದಾಯದಿಂದ 1,000 ಕಳೆಯುತ್ತಾರೆ.

ಆ 30 ಗಂಟೆಗೆ ಪಂಚಾಂಗವೂ ಬೇಕು. ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮುಂದಿನ ಟರ್ಮ್‌ನಿಂದ ಮಾತ್ರ ಅದು ಶುರು. ಜೂನ್ 30ರಂದು ಹುಟ್ಟಿದ ಕೂಸಿಗೆ ಏಪ್ರಿಲ್‌ನಲ್ಲಿ ಯೋಗ, ಮರುದಿನ ಹುಟ್ಟಿದ್ದಕ್ಕೆ ಸೆಪ್ಟೆಂಬರ್ ತನಕ ಶನಿಕಾಟ. ಯೋಗ ಕೂಡಿ ಬಂದರೂ ವರ್ಷಕ್ಕೆ 38 ವಾರದ್ದು. ಉಳಿದ 14 ವಾರ ಕೂಸು ಎಲ್ಲಿರಬೇಕೆಂದು ಯಾರೂ ಹೇಳಿಲ್ಲ.

ನಗು ಸಾಕು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಹೋದ ಮೈಸೂರಿನ ನರ್ಸು, ಹುಬ್ಬಳ್ಳಿಯ ಟೆಸ್ಟರು ಮೊದಲ ತಿಂಗಳಿನಿಂದಲೇ ಅಷ್ಟೇ ತೆರಿಗೆ, ಅಷ್ಟೇ ಇನ್ಶೂರೆನ್ಸ್ ಕಟ್ಟುತ್ತಾರೆ. ಆಸ್ಪತ್ರೆಗೆಂದು ಹೆಲ್ತ್ ಸರ್ಚಾರ್ಜ್ ಬೇರೆ ವಸೂಲಿ ಮಾಡುತ್ತಾರೆ, ಸರ್ಕಾರವೇ ವಿನಾಯಿತಿ ಕೊಟ್ಟ ಆರೋಗ್ಯ ಸಿಬ್ಬಂದಿಯನ್ನು ಬಿಟ್ಟು. ಗಂಡ ಹೆಂಡತಿ ಇಬ್ಬರ ವೀಸಾದಲ್ಲೂ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂದಿದ್ದರೆ ಆ 2 ಪೌಂಡೂ ಇಲ್ಲ, 30 ಗಂಟೆಯೂ ಇಲ್ಲ. ಮಗುವಿಗೆ ಮೂರು ತುಂಬಿದ ಮೇಲೆ ಎಲ್ಲರಿಗೂ ಸಿಗುವ 15 ಗಂಟೆ ಅಷ್ಟೇ. ತೆರಿಗೆ ಕೀಳುವಾಗ ವೀಸಾ ಕೇಳದವರು ಮಗುವಿನ ಮುಂದೆ ನಿಂತು ವೀಸಾ ಕೇಳುತ್ತಾರೆ. ಇದನ್ನು ನೀತಿ ಅಂತ ಕರೆಯಲು ನಾಚಿಕೆಯಾಗಬೇಕು.

ಅವರಿಗೆ ಉಳಿದ ಒಂದು ದಾರಿ ವರ್ಕ್‌ಪ್ಲೇಸ್ ನರ್ಸರಿ. ಅದೂ ಸ್ಯಾಲರಿ ಸ್ಯಾಕ್ರಿಫೈಸೇ, ಮಿತಿಯಿಲ್ಲ. ತಿಂಗಳ ಫೀಸು 1,000 ಪೌಂಡ್ ಇದ್ದು 40% ತೆರಿಗೆಯವರಾದರೆ 420 ಉಳಿಯುತ್ತದೆ. ಆದರೆ ನರ್ಸರಿಯ ಹಣಕಾಸಿನಲ್ಲೂ ಆಡಳಿತದಲ್ಲೂ ಕಂಪನಿ ನಿಜವಾಗಿ ಕೈಹಾಕಿರಬೇಕು, ಬರೀ ಫೀಸು ಕಟ್ಟಿದರೆ ವಿನಾಯಿತಿ ಇಲ್ಲ. ಅಷ್ಟು ತಲೆನೋವು ಬೇಡವೆನ್ನುವ ಎಚ್‌ಆರ್ ವಿಭಾಗದ ಬಳಿ ಇನ್ನೊಂದು ತ್ಯಾಗ ಸದಾ ಸಿದ್ಧವಿರುತ್ತದೆ: ಸೈಕಲ್ ಟು ವರ್ಕ್. ಸೈಕಲ್ಲಿನ ಜೊತೆ ಹೆಲ್ಮೆಟ್ಟು, ಬೀಗ, ದೀಪ. ಮಗುವನ್ನು ಕೂರಿಸುವ ಸೀಟಿಗೂ ತೆರಿಗೆ ವಿನಾಯಿತಿ ಇದೆ.

ಕೂರಿಸಿಕೊಂಡು ಎಲ್ಲಿಗೆ ಹೋಗುವುದೆಂದು ಮಾತ್ರ ಫಾರ್ಮಿನಲ್ಲಿಲ್ಲ.